ಸಿಟ್ಟು ನನ್ನದೋ, ಸಕ್ಕರೆಯದೋ

ನನ್ನ ಸೊಸೆ ಸುಧಾಳ ಎಡಗೈ ಮೇಲೆ, ಮಣಿಕಟ್ಟಿನಿಂದ ಮೊಳಕೈಯವರೆಗೆ, ಒಂದು ಸುಟ್ಟ ಕಲೆ ಇದೆ. ಅದನ್ನು ಮಾಡಿದವಳು ನಾನು. ಒಲೆಯ ಮೇಲೆ ಕಾದಿದ್ದ ರೊಟ್ಟಿ ಹಂಚನ್ನು ಎತ್ತಿ, ಏಳು ತಿಂಗಳ ಬಸುರಿಯ ಮೇಲೆ ಬೀಸಿದೆನಂತೆ. ಅಂತೆ ಎಂದೇ ಬರೆಯಬೇಕು, ಏಕೆಂದರೆ ನನಗೆ ಅದರ ನೆನಪು ಚೂರೂ ಇಲ್ಲ. ಆದರೆ ಹಂಚು ಹಿಡಿದ ನನ್ನ ಬಲ ಅಂಗೈಯಲ್ಲೂ ಒಂದು ಕಲೆ ಇದೆ. ಅದನ್ನು ನೋಡಿದಾಗ ನಂಬದೆ ಬೇರೆ ದಾರಿಯಿಲ್ಲ.

ನಾನು ಗಂಗವ್ವ. ಇಳಕಲ್ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಖಾನಾವಳಿ ನಡೆಸುತ್ತೇನೆ. ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನವಳೇ. ರೋಗ ಬರುವ ಮೊದಲೂ ಸಿಟ್ಟಿನವಳೇ. ಉಂಡ ತಾಟಿನಲ್ಲೇ ಕೈ ತೊಳೆದ ಒಬ್ಬ ಲಾರಿ ಡ್ರೈವರನಿಂದ ಅದೇ ತಾಟನ್ನು ತಿಕ್ಕಿಸಿ, ಒರೆಸಿಸಿ, ಮೂಲೆಯಲ್ಲಿ ಇಡಿಸಿದವಳು ನಾನು. ಮರುದಿನ ಅವನು ಮತ್ತೆ ಊಟಕ್ಕೆ ಬಂದ. ‘ಗಂಗವ್ವನ ರೊಟ್ಟೀನೂ ಬಿಸಿ, ಬಾಯೀನೂ ಬಿಸಿ’ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ನನಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಗಂಡಸರು ತುಂಬಿದ ಜಾಗದಲ್ಲಿ ಹೆಂಗಸು ಅಂಗಡಿ ನಡೆಸಬೇಕೆಂದರೆ ಬಾಯಿ ಬಿಸಿಯಾಗಿಯೇ ಇರಬೇಕು.

ಇದೇ ನನಗೆ ಮುಳುವಾಯಿತು. ಬೇರೆಯವರಿಗೆ ರೋಗ ಬಂದರೆ ಜ್ವರ ಬರುತ್ತದೆ, ಕೆಮ್ಮು ಬರುತ್ತದೆ. ನನ್ನ ರೋಗ ಸಿಟ್ಟಿನ ವೇಷ ಹಾಕಿಕೊಂಡು ಬಂತು. ಸಿಟ್ಟಿನ ಹೆಂಗಸಿಗೆ ಇನ್ನಷ್ಟು ಸಿಟ್ಟು ಬಂದರೆ ಯಾರು ದವಾಖಾನೆಗೆ ಕರೆದುಕೊಂಡು ಹೋಗುತ್ತಾರೆ? ಹುಟ್ಟುಗುಣ ಸುಟ್ಟರೂ ಹೋಗದು ಅಂದುಕೊಂಡು ಸುಮ್ಮನಾದರು.

ಶುರುವಾದದ್ದು ಬೆಳಗಿನ ಹೊತ್ತಿನಲ್ಲಿ. ನಮ್ಮದು ಲಿಂಗಾಯತರ ಮನೆ. ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರೂ ಹಾಕದ ಪದ್ಧತಿಯಲ್ಲಿ ಬೆಳೆದವಳು ನಾನು. ಉಳಿದವರು ಎದ್ದು, ಸ್ನಾನ ಮಾಡಿ, ಪೂಜೆ ಮುಗಿಸಿ ಚಹಾ ಕುಡಿಯುತ್ತಾರೆ. ಖಾನಾವಳಿಯವಳಿಗೆ ಅದು ಆಗುವ ಮಾತಲ್ಲ. ನಸುಕಿನಲ್ಲೇ ಒಲೆ ಹಚ್ಚಬೇಕು, ಬೇಳೆ ಇಡಬೇಕು, ಕಾಳು ಒಗ್ಗರಿಸಬೇಕು, ರೊಟ್ಟಿ ಬಡಿಯುವ ಹೆಂಗಸರು ಬಂದ ಮೇಲೆ ಅವರಿಗೆ ಹಿಟ್ಟು ತೆಗೆದುಕೊಡಬೇಕು. ಗಡಿಬಿಡಿಯಲ್ಲಿ ಲಿಂಗ ಹಿಡಿಯಬಾರದು ಎಂಬುದು ನನ್ನ ಅವ್ವ ಕಲಿಸಿದ್ದು. ಹಾಗಾಗಿ ನನ್ನ ಪೂಜೆ ಬಿಸಿಲೇರಿದ ಮೇಲೆ. ಅಲ್ಲಿಯವರೆಗೆ ಖಾಲಿ ಹೊಟ್ಟೆ.

ಮೊದಮೊದಲು ಬೆವರು ಬರುತ್ತಿತ್ತು, ತುಟಿ ಜುಮ್ಮೆನ್ನುತ್ತಿತ್ತು. ಎದುರಿಗಿದ್ದದ್ದು ಎರಡೆರಡಾಗಿ ಕಾಣುತ್ತಿತ್ತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತರೆ ಇಬ್ಬರು ಮಲ್ಲಪ್ಪ ಕಾಣುತ್ತಿದ್ದರು. ಒಬ್ಬರನ್ನು ಸಂಭಾಳಿಸುವುದೇ ಸಾಕಾಗಿದ್ದವಳಿಗೆ ಇನ್ನೊಬ್ಬರು ಬಂದರಲ್ಲ ಎಂದು ನಕ್ಕಿದ್ದೆ. ನಗುವ ದಿನಗಳು ಬೇಗ ಮುಗಿದವು. ಆಮೇಲಾಮೇಲೆ ಬೆವರು ಬಂದದ್ದಷ್ಟೇ ನೆನಪಿರುತ್ತಿತ್ತು. ಮುಂದಿನದನ್ನು ಬೇರೆಯವರು ಹೇಳಬೇಕು. ಸಾರಿನ ಸಟ್ಟುಗದಿಂದ ಕನ್ನಡಿ ಒಡೆದೆ. ಕುದಿಯುವ ಬೇಳೆಯ ಪಾತ್ರೆಯನ್ನು ಕಾಲಿನಿಂದ ಒದ್ದೆ. ರೊಟ್ಟಿ ಬಡಿಯುವ ಒಬ್ಬಾಕೆಯ ಜಡೆ ಹಿಡಿದು ಅಂಗಳದವರೆಗೆ ಎಳೆದೆ. ಬಿಡಿಸಲು ಬಂದ ಮನೆಯವರ ಹೆಗಲು ಕಚ್ಚಿದೆ. ಅವರು ಅಂಗಿ ಬಿಚ್ಚಿ ಹಲ್ಲಿನ ಗುರುತು ತೋರಿಸಿದಾಗ, ‘ಯಾವ ನಾಯಿ ಕಚ್ಚಿತು ನಿಮ್ಮನ್ನ’ ಎಂದು ನಾನು ಕೇಳಿದೆನಂತೆ.

ಈಗ ನಮ್ಮ ಮನೆಮಂದಿಯೆಲ್ಲ ಸೇರಿ ಮಾಡಿದ ತಪ್ಪು ಹೇಳುತ್ತೇನೆ. ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅದು. ನಾನು ಹಾಗೆ ಕೂಗಾಡುವಾಗ ನನ್ನ ಮನೆಯವರೂ ಮಗ ವೀರೇಶನೂ ನನ್ನನ್ನು ಹಿಡಿದು ಕೂರಿಸುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ನೀರು, ಪತ್ರಿ ಏರಿಸಿ ಅವರೇ ಪೂಜೆ ಮಾಡುತ್ತಿದ್ದರು. ಕೊನೆಗೆ ಎಡೆ ಹಿಡಿದ ಬಾಳೆಹಣ್ಣು, ಸಕ್ಕರೆಯನ್ನು ಪ್ರಸಾದವೆಂದು ನನ್ನ ಬಾಯಿಗೆ ತುರುಕುತ್ತಿದ್ದರು. ಸ್ವಲ್ಪ ಹೊತ್ತಿಗೆ ನಾನು ತಣ್ಣಗಾಗಿ, ಯಾಕೆ ಎಲ್ಲರೂ ನನ್ನ ಸುತ್ತ ನಿಂತಿದ್ದೀರಿ ಎಂದು ಕೇಳುತ್ತಿದ್ದೆ.

ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿರುವ ನನ್ನ ಅಕ್ಕ ಪಾರವ್ವ ಒಮ್ಮೆ ಇದನ್ನು ಕಣ್ಣಾರೆ ಕಂಡಳು. ಅವಳ ಮಾತು ನಮ್ಮ ಮನೆಯಲ್ಲಿ ಕೊನೆಯ ಮಾತು.

‘ನೋಡಿದಿ ಇಲ್ಲೋ ಮಲ್ಲಪ್ಪ, ಲಿಂಗ ಕೈಯಾಗ ಬಂದ ಕೂಡ್ಲೆ ಹೆಂಗ ತಣ್ಣಗಾದ್ಲು. ಇಕಿಗೆ ಪೂಜಿ ಸಾಲವಲ್ದು. ಇನ್ನೊಂದೀಟು ಹೊತ್ತು ಕುಂದರಲಿ. ಸೋಮಾರ ಪೂರಾ ಉಪವಾಸ ಹಿಡೀಲಿ.’

ಪೂಜೆ ಉದ್ದವಾಯಿತು. ಪ್ರಸಾದ ತಡವಾಯಿತು. ಸೋಮವಾರ ಅದೂ ಇಲ್ಲ. ನನಗೆ ಬೇಕಾಗಿದ್ದದ್ದು ಸಕ್ಕರೆ, ಅದನ್ನೇ ನಾವು ದಿನದಿನಕ್ಕೆ ದೂರ ಇಡುತ್ತಾ ಹೋದೆವು. ದೇವರನ್ನು ನಾನು ಬೈಯುವುದಿಲ್ಲ, ಅವನೇನೂ ಹೀಗೆ ಮಾಡಿ ಅಂದಿರಲಿಲ್ಲ. ಆದರೆ ಈ ಸಾಲು ಬರೆಯುವಾಗಲೂ ನನಗೆ ಏನನ್ನಾದರೂ ಎತ್ತಿ ಒಗೆಯಬೇಕು ಅನ್ನಿಸುತ್ತದೆ.

ಅಂಥ ಒಂದು ಸೋಮವಾರವೇ ಹಂಚಿನ ಪ್ರಸಂಗ ನಡೆದದ್ದು. ಸುಧಾ ನಮ್ಮ ಮನೆಗೆ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಶಿರೂರಿನ ಹುಡುಗಿ, ಮಾತು ಕಡಿಮೆ. ನನ್ನ ಕೂಗಾಟಕ್ಕೆ ಹೆದರುತ್ತಿದ್ದಳು, ಆದರೂ ಕೈಗೆ ಕೈ ಕೊಟ್ಟು ಕೆಲಸ ಮಾಡುತ್ತಿದ್ದಳು. ಅವತ್ತು ನಾನು ಒಲೆಯ ಮುಂದೆ ತೂಗಾಡುವುದನ್ನು ಕಂಡು ಚಹಾದ ಕಪ್ಪು ಹಿಡಿದುಕೊಂಡು ಬಂದಳಂತೆ.

‘ಅತ್ತೀ, ಮಾರಿ ಬಾಡೇತ್ರಿ. ಒಂದ್ ಗುಟಕ ಚಾ ಕುಡೀರಿ. ಆಮ್ಯಾಲ ಪೂಜಾ ಮಾಡೀರಂತ.’

ಇಡೀ ಮನೆಯಲ್ಲಿ ನನಗೆ ಏನಾದರೂ ಬಾಯಿಗೆ ಹಾಕಿಕೋ ಅಂದವಳು ಅವಳೊಬ್ಬಳೇ. ಅವಳಿಗೆ ಹಂಚು ಬಿತ್ತು. ಕಪ್ಪು ಒಡೆಯಿತು, ಅವಳು ನೀರಿನ ಹಂಡೆಯ ಮೇಲೆ ಮಗುಚಿ ಬಿದ್ದಳು. ನಾನು ಆ ಕಪ್ಪಿನ ಚೂರುಗಳ ಮೇಲೆ ನಿಂತು ಇನ್ನೂ ಹೊಡೆಯಲು ಹುಡುಕುತ್ತಿದ್ದೆನಂತೆ. ಹೊಟ್ಟೆಯಲ್ಲಿದ್ದ ಕೂಸಿಗೆ ಏನೂ ಆಗಲಿಲ್ಲ. ಈ ಮಾತನ್ನು ದವಾಖಾನೆಯಿಂದ ವೀರೇಶ ಫೋನಿನಲ್ಲಿ ಹೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ಅಷ್ಟು ಹೊತ್ತಿಗೆ ನಾನು, ನಮ್ಮ ಮನೆಯವರು ಹೆದರಿ ಉಪವಾಸ ಮುರಿಸಿ ಕೊಟ್ಟ ಬಾಳೆಹಣ್ಣು ತಿಂದು ತಣ್ಣಗೆ ಕೂತಿದ್ದೆ.

ಸಂಜೆಗೆ ಶಿರೂರಿನಿಂದ ಅವಳ ಅಪ್ಪ ಬಂದರು. ಮರ್ಯಾದಸ್ಥ ಮನುಷ್ಯ, ನಮ್ಮ ಮನೆಯಲ್ಲಿ ನೀರು ಕೂಡ ಮುಟ್ಟಲಿಲ್ಲ. ‘ಹುಚ್ಚೀನ ಮನ್ಯಾಗ ಇಟಗೊಂಡು ಹೆಣ್ಣ ಕೇಳಾಕ ಬಂದಿದ್ರೇನ್ರಿ?’ ಎಂದು ನಮ್ಮ ಮನೆಯವರನ್ನು ಕೇಳಿದರು. ಸುಧಾ ಕೈಗೆ ಪಟ್ಟಿ ಕಟ್ಟಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಿ ಒಂದೇ ಮಾತು ಹೇಳಿದಳು.

‘ಅತ್ತೀ, ನನಗ ಹೊಡದದ್ದು ಹೋಗ್ಲಿ. ನನ್ನ ಕೂಸನ್ನ ಮಾತ್ರ ನಿಮ್ಮ ಕೈಯಾಗ ಕೊಡೂದಿಲ್ರಿ.’

ಹೆರಿಗೆಗೆ ಹೇಗೂ ತವರಿಗೆ ಹೋಗಬೇಕಾದವಳೇ. ಆದರೆ ಸೀಮಂತದ ಕುಬುಸ ಮಾಡಿಸಿಕೊಂಡು, ಹಸಿರು ಬಳೆ ತೊಟ್ಟು ಹೋಗಬೇಕಾದವಳು ಹಾಗೆ ಹೋದಳು.

ಅಂದಿನಿಂದ ನಾನು ಮನುಷ್ಯಳಾಗಿ ಉಳಿಯಲಿಲ್ಲ. ಆಗ ಮೊದಲ ಸಲ ನನ್ನನ್ನು ತಲೆಯ ಡಾಕ್ಟರಿಗೆ ತೋರಿಸಿದರು; ಅವರು ಕೊಟ್ಟ ಗುಳಿಗೆ ತಿಂದು ಮಧ್ಯಾಹ್ನವೆಲ್ಲ ಜೊಲ್ಲು ಸುರಿಸುತ್ತಾ ಮಲಗುತ್ತಿದ್ದೆ, ಬೆಳಿಗ್ಗೆ ಎದ್ದು ಮತ್ತೆ ಅದೇ. ಖಾನಾವಳಿಗೆ ಬೀಗ ಬಿತ್ತು. ಕೊನೆಗೆ ಅಕ್ಕ ನನ್ನನ್ನೂ ನಮ್ಮ ಮನೆಯವರನ್ನೂ ಚೊಳಚಗುಡ್ಡಕ್ಕೆ ಕರೆಸಿಕೊಂಡಳು. ಬನಶಂಕರಿಗೆ ಹರಕೆ ಹೊತ್ತಿದ್ದಳು. ನಾನು ಬರೀ ನೀರು ಕುಡಿದುಕೊಂಡು ದಿನಾ ಹೊಂಡದಲ್ಲಿ ಮಿಂದು ಅಮ್ಮನ ದರ್ಶನ ಮಾಡಬೇಕು. ಮೊದಲನೆಯ ಮುಂಜಾನೆಯೇ ನಾನು ಅಕ್ಕನ ಗಂಟಲು ಹಿಡಿದೆ. ಅವಳ ಗಂಡ, ಮಗ ಸೇರಿ ಎತ್ತು ಕಟ್ಟುವ ಹಗ್ಗದಿಂದ ನನ್ನನ್ನು ಕಂಬಕ್ಕೆ ಬಿಗಿದರು. ಅಕ್ಕ ಕಪಾಳಕ್ಕೆ ಹೊಡೆದಳು. ‘ಯಾರ್ ನೀ? ಹೆಸರ ಹೇಳು, ಯಾರ್ ನೀ?’ ಎಂದು ಕೇಳುತ್ತಾ ಹೊಡೆದಳು. ನನ್ನನ್ನು ಎತ್ತಿ ಆಡಿಸಿದ ಕೈ ಅದು. ಅವಳೂ ಅಳುತ್ತಿದ್ದಳು ಎಂದು ನಮ್ಮ ಮನೆಯವರು ಈಗ ಹೇಳುತ್ತಾರೆ. ಕಂಬದಲ್ಲೇ ನನ್ನ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಉಸಿರು ಗೊರಗೊರ ಅಂದಾಗ ನಮ್ಮ ಮನೆಯವರು ಹಗ್ಗ ಕೊಯ್ದು ಅಕ್ಕನ ಜೊತೆ ನನ್ನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಾದಾಮಿಗೆ ಓಡಿದರು.

ಬಾದಾಮಿಯ ದವಾಖಾನೆಯಲ್ಲಿ ಬೆರಳು ಚುಚ್ಚಿ ನೋಡಿದರು. ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಇಪ್ಪತ್ತೆಂಟು. ಮಷಿನ್ನು ಕೆಟ್ಟಿದೆ ಎಂದು ಇನ್ನೊಂದನ್ನು ತಂದು ಚುಚ್ಚಿದರು. ಅದೂ ಹಾಗೆಯೇ ಹೇಳಿತು. ರಕ್ತದಲ್ಲಿ ಸಕ್ಕರೆ ಅಷ್ಟು ಇಳಿದರೆ ಮಿದುಳಿಗೆ ಅನ್ನ ಇಲ್ಲದ ಹಾಗೆ, ಅದು ಕಚ್ಚುತ್ತದೆ, ಒದೆಯುತ್ತದೆ, ಕೊನೆಗೆ ಆರುತ್ತದೆ. ಸಕ್ಕರೆ ನೀರಿನ ಸಲೈನ್ ಹರಿದ ಮೇಲೆ ನಾನು ಕಣ್ಣು ಬಿಟ್ಟು, ಕುಬುಸ ಯಾರು ಹರಿದರು ಎಂದು ಕೇಳಿದೆ. ಪಕ್ಕದಲ್ಲಿ ನಿಂತಿದ್ದ ಅಕ್ಕ ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿನ ಬಾಕಿನ ಮೇಲೆ ಕಾಯುವಾಗ ನನ್ನ ಎರಡೂ ಕೈಯಲ್ಲಿ ಹಗ್ಗದ ಬರೆ, ಕೆನ್ನೆಯಲ್ಲಿ ಬೆರಳಿನ ಗುರುತು. ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ತನ್ನ ಮಗುವನ್ನು ಎತ್ತಿ ಆಚೆ ತೊಡೆಗೆ ಹಾಕಿಕೊಂಡಳು. ಅವಳನ್ನು ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಆ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ನನ್ನ ಇಡೀ ರೋಗದಲ್ಲಿ ಅಷ್ಟು ನೋವಾದ ಗಳಿಗೆ ಇನ್ನೊಂದಿಲ್ಲ.

ಡಾಕ್ಟರಮ್ಮ ಹುನಗುಂದ ಕಡೆಯವರು. ಮೊದಲು ಕೇಳಿದ್ದೇ, ‘ಹಿಂಗ ಆಗೂಕಿಂತ ಮದ್ಲ ಉಂಡು ಎಷ್ಟ್ ಹೊತ್ತಾಗಿರ್ತದ್ರಿ?’ ಎಂದು. ನಮ್ಮ ಮನೆಯವರು ಪೂಜೆ, ಪ್ರಸಾದ, ಸೋಮವಾರ ಎಲ್ಲ ಹೇಳಿದರು. ಆಕೆ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ನಗಲಿಲ್ಲ, ಬೈಯಲಿಲ್ಲ. ಆಮೇಲೆ, ‘ಇನ್ನೊಮ್ಮೆ ಉಪವಾಸ ಇರಬೇಕಾಗ್ತದ, ಇಲ್ಲೇ, ನನ್ನ ಕಣ್ಮುಂದ’ ಅಂದರು.

ಆ ಉಪವಾಸವನ್ನು ಏನೆಂದು ಬರೆಯಲಿ. ಸಕ್ಕರೆ ಇಳಿಯುವವರೆಗೆ ಅನ್ನ ಕೊಡದೆ ಕಾಯುವುದು, ಇಳಿದ ಗಳಿಗೆಯಲ್ಲಿ ರಕ್ತ ತೆಗೆಯುವುದು. ಹುಚ್ಚು ಬರಲಿ ಎಂದು ದಾರಿ ಕಾಯುವುದು. ಮಂಚದ ಎರಡು ಕಡೆ ಕೈ ಕಟ್ಟಿದರು. ಈ ಸಲ ಹಗ್ಗವಲ್ಲ, ಮೆತ್ತನೆಯ ಬಟ್ಟೆ. ಕಟ್ಟುವ ಮೊದಲು ನರ್ಸ್, ‘ಕಟ್ಲೇನ್ರಿ ಅವ್ವಾರ?’ ಎಂದು ಕೇಳಿದಳು. ಕೇಳಿ ಕಟ್ಟಿದವಳು ಅವಳೊಬ್ಬಳೇ. ಬೆಳಗಾಗುತ್ತಿದ್ದಂತೆ ಬೆವರು ಬಂತು. ಮುಂದೆ ಗೊತ್ತಿಲ್ಲ. ಮಂಚ ಗೋಡೆಗೆ ಬಡಿಯುವ ಹಾಗೆ ಒದೆದೆನಂತೆ, ನಮ್ಮ ಮನೆಯವರ ಮೂರು ತಲೆಮಾರನ್ನು ಬೈದೆನಂತೆ, ಸೂಜಿ ಹಿಡಿದು ಬಗ್ಗಿದ ಆ ನರ್ಸಿನ ಕೈಗೆ ಹಲ್ಲು ನೆಟ್ಟೆನಂತೆ. ಅವಳು ಇನ್ನೊಂದು ಕೈಯಿಂದ ರಕ್ತ ತೆಗೆದು ಮುಗಿಸಿದ ಮೇಲೇ ಕಿರುಚಿದ್ದು. ಮಧ್ಯಾಹ್ನ ಕೈಗೆ ಪಟ್ಟಿ ಸುತ್ತಿಕೊಂಡು ಬಂದು, ‘ಹಲ್ಲ ಭಾಳ ಗಟ್ಟಿ ಅದಾವ್ರಿ ನಿಮ್ಮುವು, ಕಬ್ಬು ತಿಂದ ಹಲ್ಲೇನು’ ಅಂದಳು. ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ದವಾಖಾನೆಯಲ್ಲಿ ಗುಳಿಗೆಯಷ್ಟೇ ಅಲ್ಲ, ಇಂಥ ಒಂದು ಮಾತೂ ಮನುಷ್ಯರನ್ನು ಉಳಿಸುತ್ತದೆ.

ಸ್ಕ್ಯಾನ್‌ಗಳಾದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ವೀರೇಶನನ್ನೂ ಕೂರಿಸಿ ಹೇಳಿದರು. ‘ಹೊಟ್ಯಾಗ, ಮೇದೋಜೀರಕದಾಗ, ಒಂದು ಗಂಟ ಐತಿ. ನೀವು ಉಣ್ಣಲಿ ಬಿಡಲಿ, ಅದು ಇನ್ಸುಲಿನ್ ಸುರೀತನ ಇರ್ತದ. ಅದರಿಂದ ಸಕ್ಕರಿ ಇಳೀತದ. ಅದರ ಮರಿ ಲಿವರಿಗೂ ಹಬ್ಬ್ಯಾವ.’

ನಮ್ಮ ಮನೆಯವರು ಮೆಲ್ಲಗೆ, ‘ಕ್ಯಾನ್ಸರೇನ್ರಿ?’ ಅಂದರು.

‘ಹೌದ್ರಿ. ಭಾಳ ಮಂದೀಗಿ ಬರೂವಂಥಾದ್ದಲ್ಲ, ನಿಧಾನಕ ಬೆಳಿಯೂ ಜಾತಿ. ಪೂರಾ ತಗದ ಒಗೀತೇವಿ ಅಂತ ಸುಳ್ಳ ಹೇಳೂದಿಲ್ಲ. ಹಿಡದ ಇಡಬಹುದು.’

‘ಹಂಗಾರ ನಾ ಹುಚ್ಚಿ ಅಲ್ಲೇನ್ರಿ?’ ಎಂದು ಕೇಳಿದೆ.

‘ಅಲ್ರಿ.’

ನಾನು ನಕ್ಕುಬಿಟ್ಟೆ. ಆ ಕಡೆ ನಮ್ಮ ಮನೆಯವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾರೆ, ಈ ಕಡೆ ನಾನು ಕ್ಯಾನ್ಸರ್ ಬಂತೆಂದು ನಗುತ್ತಿದ್ದೇನೆ. ಹುಚ್ಚಿ ಅನ್ನಿಸಿಕೊಂಡವಳಿಗೆ ಮಾತ್ರ ಆ ನಗು ಅರ್ಥವಾಗುತ್ತದೆ. ಸಾವಿನ ಹೆದರಿಕೆ ಆಮೇಲೆ ಬಂತು, ಇಳಕಲ್ಲಿಗೆ ಬರುವ ಬಸ್ಸಿನಲ್ಲಿ, ಅಮೀನಗಡ ದಾಟುವಾಗ. ನನಗೆ ಮೊಮ್ಮಗುವಿನ ಮುಖ ನೋಡುವುದಿದೆಯೋ ಇಲ್ಲವೋ ಅನ್ನಿಸಿತು.

ವೀರೇಶ ಶಿರೂರಿಗೆ ಹೋಗಿ ಎಲ್ಲ ಹೇಳಿದ. ಅವರಪ್ಪ ನಂಬಲಿಲ್ಲ. ಸುಧಾ ನಂಬಿದಳು. ಆದರೆ ಅವಳು ಹೇಳಿ ಕಳಿಸಿದ ಮಾತು ನನ್ನ ಎದೆಯಲ್ಲಿ ಇನ್ನೂ ಇದೆ. ‘ರೋಗ ಸಕ್ಕರೀದ ಇರಬಹುದು. ಕೈ ಮಾತ್ರ ಅತ್ತೀದ.’

ಇಳಕಲ್ಲಿಗೆ ನನ್ನನ್ನು ನೋಡಲು ಬಂದ ಅಕ್ಕನ ಜೊತೆ ಜಗಳವಾಯಿತು. ಬೆಳಿಗ್ಗೆ ಎದ್ದ ಕೂಡಲೇ ತಿನ್ನಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕ ಒಪ್ಪಲಿಲ್ಲ. ‘ಪೂಜಿ ಇಲ್ಲದ ಬಾಯಾಗ ಅನ್ನ ಹೆಂಗ ಇಡ್ತಿ ಗಂಗೂ? ಅವ್ವ ಇದ್ದಿದ್ರ ಏನಂತಿದ್ಲು?’ ಅಂದಳು. ‘ಅವ್ವ ಇದ್ದಿದ್ರ ನನ್ನ ಕಂಬಕ್ಕ ಕಟ್ಟಾಕ ಬಿಡ್ತಿದ್ದಿಲ್ಲ’ ಅಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಮರುದಿನದಿಂದ ನಾನು ತಲೆದಿಂಬಿನ ಪಕ್ಕದ ಡಬ್ಬಿಯಿಂದ ಬೆಲ್ಲ ತಿಂದು, ಆಮೇಲೆ ಸ್ನಾನ, ಆಮೇಲೆ ಲಿಂಗ. ಮೊದಲ ದಿನ ಆ ಬೆಲ್ಲ ಗಂಟಲಲ್ಲಿ ಇಳಿಯಲಿಲ್ಲ, ವಾಂತಿ ಬಂದ ಹಾಗಾಯಿತು. ಕೈಯಲ್ಲಿದ್ದ ಲಿಂಗ ಎಂದಿನಂತೆ ತಣ್ಣಗೇ ಇತ್ತು. ಈಗ ಅಭ್ಯಾಸವಾಗಿದೆ.

ಚಿಕಿತ್ಸೆಯೂ ಮೆತ್ತಗಿರಲಿಲ್ಲ. ಸಕ್ಕರೆ ಇಳಿಯದಂತೆ ಕೊಟ್ಟ ಗುಳಿಗೆಯಿಂದ ಕಾಲು ಬಾತವು, ಮುಖದ ಮೇಲೆ ಕೂದಲು ಬೆಳೆಯಿತು. ಮೀಸೆ, ಗಲ್ಲದ ಮೇಲೆ ತುಪ್ಪಟ. ‘ಇನ್ನ ಗಿರಾಕಿ ಹೆದರೂದಕ್ಕ ಬೈಯೂದ ಬ್ಯಾಡ ಬಿಡು’ ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದರು. ಬಹಳ ದಿನದ ಮೇಲೆ ಮನೆಯಲ್ಲಿ ನಗು ಕೇಳಿಸಿತು. ಹುಬ್ಬಳ್ಳಿಯಲ್ಲಿ ಹೊಟ್ಟೆ ಕೊಯ್ದು ಮೂಲದ ಗಂಟು ತೆಗೆದರು. ಲಿವರಿನಲ್ಲಿದ್ದವು ಹೆಚ್ಚಾಗಿದ್ದರಿಂದ ಅವನ್ನು ಕೊಯ್ಯಲು ಬರುವುದಿಲ್ಲ, ಅವುಗಳಿಗೆ ಹೋಗುವ ರಕ್ತವನ್ನೇ ನಿಲ್ಲಿಸಿ ಸಾಯಿಸುತ್ತೇವೆ ಅಂದರು. ತೊಡೆಸಂದಿಯಲ್ಲಿ ರಕ್ತನಾಳಕ್ಕೆ ಸಣ್ಣ ನಳಿಕೆ ತೂರಿಸಿ ಲಿವರಿನವರೆಗೆ ಒಯ್ದರು. ಮೈಗೆ ಎಚ್ಚರವಿತ್ತು. ಒಳಗೆ ಏನೋ ಬಿಸಿಯಾಗಿ ಹರಿದದ್ದು ತಿಳಿಯಿತು.

ಅವು ಸುಮ್ಮನೆ ಸಾಯಲಿಲ್ಲ. ಬಲಗಡೆ ಪಕ್ಕೆಯಲ್ಲಿ ಒನಕೆಯಿಂದ ಕುಟ್ಟಿದಂಥ ನೋವು, ಚಳಿಜ್ವರ, ಕರುಳು ಕಿತ್ತು ಬರುವಂಥ ವಾಂತಿ. ಸಾಯುತ್ತಾ ಸಾಯುತ್ತಾ ಅವು ಇದ್ದಬದ್ದ ಇನ್ಸುಲಿನ್ನನ್ನೆಲ್ಲ ಉಗುಳಿದವು, ಸಲೈನ್ ಹರಿಯುತ್ತಿದ್ದರೂ ಸಕ್ಕರೆ ಬಿತ್ತು, ನಾನು ಸೂಜಿ ಕಿತ್ತೊಗೆದೆ, ಹಾಸಿಗೆಯೆಲ್ಲ ರಕ್ತವಾಯಿತು. ಪ್ರಜ್ಞೆ ಬಂದಾಗ ನೋವಿನಲ್ಲೂ ನನಗೆ ಒಂದು ಸಮಾಧಾನವಿತ್ತು. ಇಷ್ಟು ದಿನ ನಾನು ಮಂದಿಗೆ ಹೊಡೆದೆ, ಮಂದಿ ನನಗೆ ಹೊಡೆದರು. ಈಗ ಹೊಡೆತ ಬೀಳಬೇಕಾದ ಜಾಗಕ್ಕೆ ಬೀಳುತ್ತಿದೆ. ಸಾಯ್ರಿ, ಸಾಯ್ರಿ ಎಂದು ಹಲ್ಲು ಕಚ್ಚಿಕೊಂಡು ಬೈದೆ. ಮಗ್ಗುಲ ಮಂಚದ ಮುದುಕಿ ತನಗೇ ಅಂದುಕೊಂಡು ಮುಸುಕು ಹಾಕಿಕೊಂಡಳು. ಆಮೇಲೆ ಅವಳಿಗೆ ತಿಳಿಸಿ ಹೇಳಿದೆ. ಡಿಸ್ಚಾರ್ಜ್ ಆಗುವ ದಿನ ಅವಳು ತನ್ನ ಪೆಪ್ಪರ್‌ಮಿಂಟಿನ ಪೊಟ್ಟಣ ಪೂರ್ತಿ ನನ್ನ ಕೈಗೆ ಹಾಕಿದಳು. ಕೆಲವು ತಿಂಗಳ ಮೇಲೆ ಇನ್ನೊಂದು ಸಲ ಅದೇ ಚಿಕಿತ್ಸೆ ಆಯಿತು.

ಈ ನಡುವೆ ಶಿರೂರಿನಲ್ಲಿ ಸುಧಾಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ನನ್ನನ್ನು ಕರೆಯಲಿಲ್ಲ. ಮೊಮ್ಮಗಳ ತಲೆಗೆಂದು ಹೊಲಿಸಿದ್ದ ಕುಲಾಯಿ ಟೊಪ್ಪಿಗೆಯನ್ನು ವೀರೇಶನ ಕೈಯಲ್ಲಿ ಕಳಿಸಿದೆ. ಅವನು ಫೋನಿನಲ್ಲಿ ಫೋಟೋ ತೋರಿಸಿದ, ಕೂಸಿನ ತಲೆಯ ಮೇಲೆ ಬೇರೆ ಕುಲಾಯಿ ಇತ್ತು. ಅವತ್ತು ನಾನು ಯಾರಿಗೂ ಬೈಯಲಿಲ್ಲ. ಅದನ್ನು ಕಂಡು ಮನೆಯವರು ಹೆದರಿ ಬೆರಳು ಚುಚ್ಚಿ ನೋಡಿದರು.

ಬೆರಳು ಚುಚ್ಚುವ ಮಷಿನ್ನಿನ ಮಾತು ಹೇಳಲೇಬೇಕು. ದವಾಖಾನೆಯಿಂದ ಬಂದ ಮೇಲೆ ಅದು ನಮ್ಮ ಮನೆಯ ನ್ಯಾಯಾಧೀಶನಾಯಿತು. ನಾನು ದನಿ ಏರಿಸಿದರೆ ಸಾಕು, ಯಾರಾದರೂ ಅದನ್ನು ತರುತ್ತಿದ್ದರು. ಹಾಲಿನವನು ನೀರು ಬೆರೆಸಿದನೆಂದು ಕೂಗಿದರೆ ಬೆರಳು. ತೊಗರಿಬೇಳೆಯಲ್ಲಿ ಹುಳ ಕಂಡು ಕೂಗಿದರೆ ಬೆರಳು. ಸಕ್ಕರೆ ಸರಿಯಿದ್ದರೂ, ‘ಇರ್ಲಿ ಬಿಡು, ಆರಾಮಿಲ್ಲ ಆಕಿಗೆ’ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಜಗಳಕ್ಕೆ ಜಗಳ ಕೊಡುವವರೇ ಇಲ್ಲ. ಮೊದಲು ರೋಗವನ್ನು ನನ್ನ ಸಿಟ್ಟು ಅಂದರು, ಈಗ ನನ್ನ ಸಿಟ್ಟನ್ನು ರೋಗ ಅನ್ನುತ್ತಿದ್ದರು. ಎರಡರಲ್ಲೂ ನಾನು ಇರಲಿಲ್ಲ.

ಎರಡನೆಯ ಚಿಕಿತ್ಸೆ ಮುಗಿದು ಸ್ಕ್ಯಾನಿನಲ್ಲಿ ಗಂಟುಗಳು ಕುಗ್ಗಿವೆ ಎಂದು ತಿಳಿದ ಮೇಲೆ ಸುಧಾ ಇಳಕಲ್ಲಿಗೆ ಬಂದಳು. ಅಪ್ಪನ ಮಾತು ಮೀರಿ ಬಂದಳು ಎಂದು ವೀರೇಶ ಹೇಳಿದ. ನಾನು ಪಡಸಾಲೆಯಲ್ಲಿ ಕೂತಿದ್ದೆ. ಕೂಸನ್ನು ಎದೆಗವಚಿಕೊಂಡು ಎದುರಿಗೆ ಬಂದು ನಿಂತಳು.

‘ಬೆರಳ ಕೊಡ್ರಿ’ ಅಂದಳು.

ಕೊಟ್ಟೆ. ಅವಳೇ ಚುಚ್ಚಿ, ನೋಡಿ, ಆಮೇಲೆ ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ತಾನು ಮೊಳ ದೂರದಲ್ಲಿ, ಎರಡೂ ಕೈ ಚಾಚಿಕೊಂಡೇ ಕೂತಳು. ಮುಂದೆ ಪ್ರತಿ ಸಲ ಹಾಗೆಯೇ. ಬೆರಳು ಮೊದಲು, ಕೂಸು ಆಮೇಲೆ. ಅವಳು ನನ್ನ ಜೊತೆ ಒಂದು ಒರಟು ಮಾತೂ ಆಡಲಿಲ್ಲ. ಹೊತ್ತುಹೊತ್ತಿಗೆ ತಿನ್ನಲು ಕೊಡುತ್ತಿದ್ದಳು. ಕೈಯ ಕಲೆ ಕಾಣದಂತೆ ಕುಬುಸದ ತೋಳು ಉದ್ದ ಹೊಲಿಸಿಕೊಂಡಿದ್ದಳು. ಆ ಸೇವೆ ನನಗೆ ಹಗ್ಗಕ್ಕಿಂತ ಬಿಗಿಯಾಗಿತ್ತು.

ಖಾನಾವಳಿ ಮತ್ತೆ ತೆರೆದೆವು. ಒಂದು ದಿನ ಊಟದ ಹೊತ್ತಿನಲ್ಲಿ ಒಬ್ಬ ಗಿರಾಕಿ ರೊಟ್ಟಿ ತಣ್ಣಗಿದೆ ಎಂದು ಬಡಿಸುವಾಕೆಯ ಮೈಮೇಲೆ ಎಸೆದ. ನಾನು ಅವನ ತಾಟು ಕಸಿದುಕೊಂಡು, ಎದ್ದು ಹೊರಗೆ ನಡೆ ಅಂದೆ. ಅವನ ಕಾಲರಿಗೂ ಕೈ ಹಾಕಿದೆ, ಅದನ್ನೇನು ಮುಚ್ಚಿಡುವುದು. ಅಷ್ಟರಲ್ಲಿ ಸುಧಾ ಒಳಗಿಂದ ಬಂದು ಅವನಿಗೆ ಕೈ ಮುಗಿದಳು.

‘ಸಿಟ್ಟಾಗಬ್ಯಾಡ್ರಿ ಅಣ್ಣಾರ. ಅತ್ತೀಗಿ ಆರಾಮಿಲ್ರಿ, ಅವರ ಮಾತ ಮನಸಿಗಿ ಹಚಗೋಬ್ಯಾಡ್ರಿ.’

ಅವನು ಗೊಣಗುತ್ತಾ ಹೋದ. ನನ್ನ ತಲೆ ಕಾದಿತ್ತು. ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಅದೇ ಒಲೆ, ಅದೇ ಹಂಚು, ರೊಟ್ಟಿ ಬಡಿಯುವವರು ಕೈ ನಿಲ್ಲಿಸಿ ನೋಡಿದರು.

‘ತಪ್ಪ ಅವಂದು. ನನ್ನ ಪರವಾಗಿ ಕೈ ಮುಗಿಯಾಕ ನೀ ಯಾರ?’ ಎಂದು ಕೂಗಿದೆ.

ಅವಳ ಮುಖ ಬಿಳಿಚಿತು. ಸೊಂಟದ ಮೇಲೆ ಕೂಸಿತ್ತು. ಅದನ್ನು ರೊಟ್ಟಿಯವಳ ಕೈಗೆ ಕೊಟ್ಟು, ಗೂಡಿನಿಂದ ಮಷಿನ್ನು ತಂದು ಎದುರು ಹಿಡಿದಳು. ನಾನು ಬೆರಳು ಚಾಚಿದೆ. ಜೋರಾಗಿಯೇ ಚುಚ್ಚಿದಳು. ಅಂಕಿ ಬಂತು. ನೂರಾ ಹನ್ನೆರಡು.

ಅದನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

‘ಹಂಗಾರ ಇದು ನಿಮ್ದ ಸಿಟ್ಟು’ ಅಂದಳು.

‘ನಂದ. ಖರೇನ ನಂದ.’

‘ಹಂಗಾರ ಈಗ ನಂದೂ ಕೇಳ್ರಿ.’

ಮಷಿನ್ನನ್ನು ಹಿಟ್ಟಿನ ಪರಾತದಲ್ಲಿ ಒಗೆದಳು. ತೋಳು ಮೇಲೇರಿಸಿ ಕಲೆಯನ್ನು ನನ್ನ ಮುಖಕ್ಕೆ ಹಿಡಿದಳು. ‘ಇದನ್ನ ನೋಡ್ರಿ. ಚಾ ತಂದಿದ್ದೆ ನಾ. ಬಾಡಿದ ಮಾರಿ ನೋಡಿ ಚಾ ತಂದಿದ್ದೆ. ಬಿದ್ದಾಗ ಕೂಸು ಸತ್ತೇ ಹೋತು ಅನಕೊಂಡಿದ್ದೆ. ದವಾಖಾನಿ ಮುಟ್ಟೂತನ ಹೊಟ್ಯಾಗ ಅಳ್ಳಾಡಲಿಲ್ಲ ಅದು. ಎಲ್ಲಾರೂ ರೋಗ ರೋಗ ಅಂತೀರಿ. ರೋಗಿಗೆ ಯಾರ್ ಬೈಬೇಕು? ನಾ ಇದನ್ನ ಯಾರ ಮುಂದ ಒದರಬೇಕು?’ ಬೈದಳು. ನನ್ನನ್ನು, ನಮ್ಮ ಮನೆಯವರನ್ನು, ಅಕ್ಕನನ್ನು, ಸೋಮವಾರವನ್ನು. ಹೊರಗೆ ಊಟ ಮಾಡುವವರ ತಾಟಿನ ಸಪ್ಪಳ ನಿಂತುಹೋಗಿತ್ತು. ಅದೆಲ್ಲ ನನಗೆ ಬರಬೇಕಾಗಿದ್ದದ್ದು, ಇಷ್ಟು ದಿನ ರೋಗದ ನೆಪದಲ್ಲಿ ಅವಳ ಗಂಟಲಲ್ಲೇ ನಿಂತಿತ್ತು.

ಗದ್ದಲಕ್ಕೆ ಕೂಸು ಬಾಯಿ ತೆರೆದು ಅಳತೊಡಗಿತು. ಸುಧಾ ಅದನ್ನು ರೊಟ್ಟಿಯವಳಿಂದ ಎತ್ತಿಕೊಂಡಳು, ಆದರೆ ಸಿಟ್ಟಿಗೆ ಅವಳ ಎರಡೂ ಕೈ ಗಡಗಡ ನಡುಗುತ್ತಿದ್ದವು.

‘ಹಿಡೀರಿ ಇದನ್ನ. ನನ್ನ ಕೈಯಾಗ ನಿಲ್ಲವಲ್ದು’ ಎಂದು ನನ್ನ ಎದೆಗೆ ತಳ್ಳಿದಳು.

ಹಿಡಿದುಕೊಂಡೆ. ನನ್ನ ಕೈ ನಡುಗುತ್ತಿರಲಿಲ್ಲ. ಅವಳು ಒಲೆಯ ಪಕ್ಕದ ಮಣೆಯ ಮೇಲೆ ಕುಸಿದು ಕೂತಳು.

ಲಿವರಿನಲ್ಲಿ ಇನ್ನೂ ಕೆಲವು ಗಂಟುಗಳಿವೆ. ತಿಂಗಳಿಗೊಮ್ಮೆ ಸೊಂಟಕ್ಕೆ ದಪ್ಪ ಸೂಜಿಯ ಇಂಜೆಕ್ಷನ್, ಆಗಾಗ ಸ್ಕ್ಯಾನ್. ಎಷ್ಟು ದಿನ ಹೀಗೆ ಎಂದು ಡಾಕ್ಟರಮ್ಮನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಇದನ್ನು ಬರೆದದ್ದು ಒಂದೇ ಕಾರಣಕ್ಕೆ. ಹಸಿದ ಹೊತ್ತಿನಲ್ಲಿ ಬೇರೆಯೇ ಮನುಷ್ಯರಾಗಿ, ಉಂಡ ಕೂಡಲೇ ತಮ್ಮ ತಾವಾಗುವವರು ನಿಮ್ಮ ಮನೆಯಲ್ಲಿ ಇದ್ದರೆ, ಕಂಬ ಹುಡುಕುವ ಮೊದಲು ಅವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿ.

ಅವತ್ತಿನ ಮಾತು ಮುಗಿಸುತ್ತೇನೆ. ಕೂಸು ನನ್ನ ಎಡ ಹೆಗಲ ಮೇಲೆ ಬಿಕ್ಕುತ್ತಾ ಸುಮ್ಮನಾಗಿತ್ತು. ಒಂದೇ ಕೈಯಲ್ಲಿ ಒಲೆಯ ಮೇಲಿದ್ದ ಚಹಾ ಸೋಸಿ, ಎರಡು ಚಮಚೆ ಸಕ್ಕರೆ ಹೆಚ್ಚಿಗೆ ಹಾಕಿ, ಕಪ್ಪನ್ನು ಸುಧಾಳ ಮುಂದೆ ಹಿಡಿದೆ.

‘ಮಾರಿ ಬಾಡೇತಿ. ಕುಡಿ’ ಅಂದೆ.

ಅವಳು ಕಲೆಯಿದ್ದ ಕೈಯನ್ನೇ ಚಾಚಿ ಕಪ್ಪು ತೆಗೆದುಕೊಂಡಳು. ಒಂದು ಗುಟುಕು ಕುಡಿದು, ‘ಸಕ್ಕರಿ ಭಾಳ ಆಗೇತ್ರಿ’ ಅಂದಳು.